ಮುಂದೆ ನಡೆದವಳು

ಹೊಸಗದ್ದೆ, ಯಸಳೂರು ಹೋಬಳಿ
9 ಜೂನ್ 2024

ಮಗಳ ಸಮಾನರಾದ ಚೈತ್ರಶ್ರೀಯವರಿಗೆ ತಿಮ್ಮಯ್ಯನ ಆಶೀರ್ವಾದಗಳು.

ಕಳೆದ ಭಾನುವಾರ ಸಕಲೇಶಪುರದಲ್ಲಿ ನಿಮ್ಮ ಸಂಸ್ಥೆ ನಡೆಸಿದ ಹಿರಿಯರ ಸಭೆಗೆ ಬಂದವರಲ್ಲಿ ನಾನೂ ಒಬ್ಬ. ಮುಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತು ನೀವು ಹೇಳಿದ್ದಕ್ಕೆಲ್ಲ ತಲೆದೂಗುತ್ತಿದ್ದ ಉದ್ದ ಮೂಗಿನ ಮುದುಕ. ನೆನಪಾಗದಿದ್ದರೆ ಬೇಜಾರಿಲ್ಲ. ಬದುಕೆಲ್ಲ ಬಸ್ ಕಂಡಕ್ಟರ್ ಆಗಿದ್ದವನು ನಾನು. ಜನ ಟಿಕೆಟ್ಟನ್ನೂ ಚಿಲ್ಲರೆಯನ್ನೂ ನೋಡುತ್ತಾರೆ, ಕಂಡಕ್ಟರನ ಮುಖ ನೋಡುವುದಿಲ್ಲ.

ಸಭೆಯಲ್ಲಿ ಶಾಲು ಹೊದಿಸಿದಿರಿ, ಹಣ್ಣು ಕೊಟ್ಟಿರಿ, ಒಳ್ಳೆಯ ಊಟ ಹಾಕಿದಿರಿ. ಹಿರಿಯರ ಅನುಭವ ಸಮಾಜಕ್ಕೆ ಬೇಕು ಎಂದು ಒಬ್ಬರಾದ ಮೇಲೊಬ್ಬರು ಭಾಷಣ ಮಾಡಿದರು. ಆದರೆ ಎದ್ದು ಬರುವಾಗ ಯಾರೂ ನಮಗೆ ಒಂದು ಕೆಲಸ ಹೇಳಲಿಲ್ಲ. ನನ್ನ ಪಕ್ಕ ಕೂತಿದ್ದ ಮೃತ್ಯುಂಜಯಪ್ಪನವರು ಶಾಲು ಮಡಚುತ್ತಾ, "ಮನೇಲಿ ಇಂಥವು ಒಂದು ಟ್ರಂಕ್ ತುಂಬ ಐತೆ ಕಣ್ರೀ. ಒಂದು ಸ್ವೆಟರ್ ಕೊಟ್ಟಿದ್ರೆ ಹಾಕ್ಕಳ್ಬೋದಿತ್ತು" ಎಂದರು. ನಗು ಬಂತು, ಆಮೇಲೆ ಬೇಸರವೂ ಆಯಿತು.

ನನಗೆ ಕೆಲಸ ಬೇಕು. ಎಂಥ ಕೆಲಸ ಎಂದು ನಾನೇ ಹೇಳುತ್ತೇನೆ. ನಮ್ಮ ಹೊಸಗದ್ದೆಯ ಮಕ್ಕಳೂ ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮಕ್ಕಳೂ ಯಸಳೂರಿನ ಶಾಲೆಗೆ ಹೋಗುವ ಬಸ್ ಹಿಡಿಯಬೇಕಾದರೆ ಕಾಫಿ ತೋಟದೊಳಗಿನ ದಾರಿಯಲ್ಲಿ ಟಾರು ರಸ್ತೆಯವರೆಗೆ ನಡೆಯಬೇಕು. ಆ ದಾರಿಯನ್ನು ಈಗ ಆನೆಗಳೂ ತಮ್ಮದೇ ಎಂದುಕೊಂಡಿವೆ. ಹೋದ ವರ್ಷ ವಾರದ ಅರ್ಧದಷ್ಟು ದಿನ ಮಕ್ಕಳು ಶಾಲೆಗೇ ಹೋಗಲಿಲ್ಲ. ತಾಯಂದಿರು ತೋಟದ ಕೆಲಸಕ್ಕೆ ಹೋಗಬೇಕು, ಮಕ್ಕಳನ್ನು ಬಿಟ್ಟು ಬರಲು ಅವರಿಗೆ ಪುರುಸೊತ್ತಿಲ್ಲ. ನನಗೆ ಪುರುಸೊತ್ತು ಬಿಟ್ಟರೆ ಬೇರೆ ಏನೂ ಇಲ್ಲ. ನನ್ನ ಹೆಂಡತಿ ಗಂಗಾಮಣಿ, "ಮನೇಲಿ ಕೂತ್ಕಂಡು ನನ್ನ ತಲೆ ತಿನ್ಬ್ಯಾಡಿ, ಎಲ್ಲಾದ್ರೂ ಹೋಗಿ ಮಾರಾಯ್ರೆ" ಎಂದು ಅಪ್ಪಣೆ ಕೊಟ್ಟಿದ್ದಾಳೆ.

ಉತ್ತರ ಕಾಗದದಲ್ಲೇ ಬರಲಿ. ಫೋನಿನಲ್ಲಿ ಮಾತಾಡುವುದು ನನಗೆ ಆಗಿಬರುವುದಿಲ್ಲ.

ಇತಿ,
ತಿಮ್ಮಯ್ಯ


ಹಾಸನ
20 ಜೂನ್ 2024

ಮಾನ್ಯ ತಿಮ್ಮಯ್ಯನವರಿಗೆ ಚೈತ್ರಶ್ರೀಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸ್ವೆಟರಿನ ಮಾತಿಗೆ ಎಲ್ಲರೂ ನಕ್ಕರು. ನೀವು ಹೇಳಿದ್ದು ನಿಜ. ನಮ್ಮ ಸಂಸ್ಥೆ ಇರುವುದೇ ಹಿರಿಯರನ್ನು ಆಸ್ಪತ್ರೆ, ಅಂಗನವಾಡಿ, ಅರಣ್ಯ ಇಲಾಖೆಯಂಥ ಕಡೆ ಸ್ವಯಂಸೇವಕರಾಗಿ ಜೋಡಿಸುವುದಕ್ಕೆ. ಆದರೆ ಹಿರಿಯರ ಮುಂದೆ ನಿಂತು "ಈ ಕೆಲಸ ಮಾಡಿ" ಎನ್ನಲು ನಮಗೆ ಬಾಯಿ ಬರುವುದಿಲ್ಲ. ಹಾಗಾಗಿ ಶಾಲು ಹೊದಿಸಿ ಕಳಿಸುತ್ತೇವೆ.

ಅರಣ್ಯ ಇಲಾಖೆಯವರೊಂದಿಗೆ ಮಾತಾಡಿದ್ದೇನೆ. ಆನೆಗಳ ಜಾಡು ನೋಡುವ ಸಿಬ್ಬಂದಿ ದಿನಾ ಬೆಳಿಗ್ಗೆ ನಿಮ್ಮ ಮೊಬೈಲಿಗೆ ಹಿಂಡು ಎಲ್ಲಿದೆ ಎಂದು ಮೆಸೇಜ್ ಹಾಕುತ್ತಾರೆ. ಅವಸರದ ಸುದ್ದಿಯಿದ್ದರೆ ಫೋನ್ ಮಾಡುತ್ತಾರೆ. ಲೈನಿನ ಮುಂದಿರುವ ಹಲಸಿನ ಮರದ ಹತ್ತಿರ ಮಕ್ಕಳನ್ನು ಸೇರಿಸಿ, ಸುದ್ದಿ ನೋಡಿ, ನೀವು ಮುಂದೆ ನಡೆದು ಅವರನ್ನು ಬಸ್ಸಿಗೆ ಮುಟ್ಟಿಸಬೇಕು. ನೀವು ಹೇಳುವವರೆಗೆ ಯಾರೂ ದಾರಿಗೆ ಕಾಲಿಡಬಾರದು. ದಾರಿ ಸರಿಯಿಲ್ಲ ಎನಿಸಿದರೆ ಅವತ್ತು ಶಾಲೆ ತಪ್ಪಲಿ.

ಕಣ್ಣು, ಕಿವಿ, ಮಂಡಿ ಮೂರೂ ಚೆನ್ನಾಗಿವೆ ಎಂದು ಸಭೆಯ ದಿನ ತುಂಬಿಕೊಟ್ಟ ಅರ್ಜಿಯಲ್ಲಿ ಬರೆದಿದ್ದೀರಿ. ತುಂಬಾ ಸಂತೋಷ. ನನಗೆ ಬಹುವಚನ ಬೇಡ, ನಾನು ನಿಮ್ಮ ಮೊಮ್ಮಗಳ ವಯಸ್ಸಿನವಳು.

ವಿಶ್ವಾಸದಿಂದ,
ಚೈತ್ರಶ್ರೀ


ಹೊಸಗದ್ದೆ
18 ಆಗಸ್ಟ್ 2024

ಚೈತ್ರಶ್ರೀಗೆ ಆಶೀರ್ವಾದಗಳು. ಇನ್ನು ನೀನು ಎಂದೇ ಬರೆಯುತ್ತೇನೆ.

ಹೊಸ ಸರ್ವೀಸ್ ಚೆನ್ನಾಗಿ ಓಡುತ್ತಿದೆ. ಡ್ರೈವರ್ ನಾನೇ, ಕಂಡಕ್ಟರೂ ನಾನೇ. ಮಕ್ಕಳನ್ನು ಸಾಲು ನಿಲ್ಲಿಸಿ ತಲೆ ಎಣಿಸಿ "ರೈಟ್" ಎಂದರೆ ಮಾತ್ರ ಹೊರಡುವುದು. ಮೊದಮೊದಲು ನಗುತ್ತಿದ್ದರು, ಈಗ ನಾನು ರೈಟ್ ಹೇಳುವವರೆಗೆ ಅಂಗನವಾಡಿಯ ಮಗು ಕೂಡ ಹೆಜ್ಜೆ ತೆಗೆಯುವುದಿಲ್ಲ. ಎಲ್ಲರೂ ನನ್ನನ್ನು ಕಂಡಕ್ಟರ್ ತಾತ ಎನ್ನುತ್ತಾರೆ. ರಿಟೈರ್ ಆದ ಮೇಲೆ ಇಷ್ಟು ಜನ ನನ್ನ ಮಾತು ಕೇಳಿದ್ದು ಇದೇ ಮೊದಲು.

ಜುಲೈ ಮಳೆಯಲ್ಲಿ ಒಂದು ದಿನ ದಾರಿಯ ಮಧ್ಯೆ ಲದ್ದಿ ಕಂಡೆ, ಇನ್ನೂ ಹಬೆಯಾಡುತ್ತಿತ್ತು. ಎಲ್ಲರನ್ನೂ ಹಿಂದಕ್ಕೆ ತಿರುಗಿಸಿದೆ. ಮಧ್ಯಾಹ್ನ ಆ ತಿರುವಿನಲ್ಲೇ ಮೂರು ಹೆಣ್ಣಾನೆ, ಒಂದು ಮರಿ ನಿಂತಿದ್ದವೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿದ. ಆವತ್ತು ಲೈನಿನವರೆಲ್ಲ ನಮ್ಮ ಮನೆಗೆ ಬಂದು ಗಂಗಾಮಣಿಯ ಹತ್ತಿರ ಕಾಫಿ ಕುಡಿದು ಹೋದರು.

ಅವರಲ್ಲಿ ಲಕ್ಷ್ಮಿ ಎಂಬುವಳಿದ್ದಾಳೆ. ತೋಟದಲ್ಲಿ ಕಾಫಿ ಕೊಯ್ಯುವವಳು. ಗಂಡ ಇಲ್ಲ, ಮಗಳು ಪೂಜಿತಾ ಏಳನೇ ತರಗತಿ. ಹುಡುಗಿ ಓದುವುದರಲ್ಲಿ ಜಾಣೆ, ಬಾಯಲ್ಲೂ ಜಾಣೆ. ಹೋದ ವರ್ಷ ಶಾಲೆ ಬಿಡಿಸಿ ಬಾಳ್ಳುಪೇಟೆಯ ನೆಂಟರ ಮನೆಯ ಕೆಲಸಕ್ಕೆ ಕಳಿಸುವ ಯೋಚನೆಯಲ್ಲಿದ್ದಳಂತೆ ತಾಯಿ. ಈಗ ಅದನ್ನು ಕೈಬಿಟ್ಟಿದ್ದಾಳೆ. ಇದೊಂದಕ್ಕೇ ನನ್ನ ಕೆಲಸ ಸಾರ್ಥಕ ಎನಿಸಿತು.

ಒಂದೇ ತಕರಾರು. ಅರಣ್ಯದವರು ಫೋನ್ ಮಾಡಿದೆವು ಎನ್ನುತ್ತಾರೆ, ನನಗೆ ರಿಂಗೇ ಆಗುವುದಿಲ್ಲ. ಇಲ್ಲಿ ನೆಟ್‌ವರ್ಕ್ ಕೆಟ್ಟದ್ದು. ಮೆಸೇಜನ್ನೇ ಹಾಕಲು ಹೇಳು.

ಇತಿ,
ತಿಮ್ಮಯ್ಯ


ಹಾಸನ
30 ಆಗಸ್ಟ್ 2024

ಮಾನ್ಯ ತಿಮ್ಮಯ್ಯನವರಿಗೆ ನಮಸ್ಕಾರಗಳು.

ಪೂಜಿತಾಳ ವಿಷಯ ಓದಿ ಕಣ್ಣು ತುಂಬಿತು. ನಿಮ್ಮ ಕಾಗದವನ್ನೇ ನಮ್ಮ ವಾರ್ಷಿಕ ವರದಿಯ ಮೊದಲ ಪುಟಕ್ಕೆ ಹಾಕಿದ್ದೇವೆ. ಅರಣ್ಯ ಇಲಾಖೆಯವರು ಆಲೂರು ತಾಲ್ಲೂಕಿನ ಹಳ್ಳಿಗಳಲ್ಲೂ ಹೀಗೆಯೇ ಹಿರಿಯರನ್ನು ನೇಮಿಸೋಣ ಎಂದಿದ್ದಾರೆ. ಎಲ್ಲರೂ ನಿಮ್ಮ ಹೆಸರು ಹೇಳುತ್ತಾರೆ. ಇಷ್ಟು ದಿನ "ವಯಸ್ಸಾದವರಿಂದ ಏನಾಗುತ್ತೆ" ಎನ್ನುತ್ತಿದ್ದವರಿಗೆ ತೋರಿಸಲು ನನ್ನ ಹತ್ತಿರ ನೀವಿದ್ದೀರಿ.

ಸೆಪ್ಟೆಂಬರ್ ಮೂರನೇ ವಾರ ಬರುತ್ತೇನೆ. ಒಂದು ಬೆಳಿಗ್ಗೆ ನಿಮ್ಮೊಂದಿಗೆ ನಡೆಯುವ ಆಸೆ. ಗಂಗಾಮಣಿಯಮ್ಮನವರಿಗೆ ನಮಸ್ಕಾರ ತಿಳಿಸಿ.

ವಿಶ್ವಾಸದಿಂದ,
ಚೈತ್ರಶ್ರೀ


ಹಾಸನ
22 ಸೆಪ್ಟೆಂಬರ್ 2024
(ಅರ್ಧ ಬರೆದದ್ದು, ಅಂಚೆಗೆ ಹಾಕಲಿಲ್ಲ)

ಮಾನ್ಯ ತಿಮ್ಮಯ್ಯನವರೇ,

ನಿಮಗೆ ಕಿವಿ ಕೇಳಿಸುವುದಿಲ್ಲ.

ಇದನ್ನು ಹೇಗೆ ಬರೆಯಲಿ ಎಂದು ಬೆಳಿಗ್ಗೆಯಿಂದ ಕೂತಿದ್ದೇನೆ. ಕೊನೆಗೆ ಇಷ್ಟೇ ಬಂತು. ಶುಕ್ರವಾರ ನಿಮ್ಮ ಹಿಂದೆ ಮಕ್ಕಳೊಂದಿಗೆ ನಡೆಯುತ್ತಿದ್ದೆ. ಎಡಗಡೆಯ ತೋಟದಲ್ಲಿ ಕೊಂಬೆ ಮುರಿದ ಸದ್ದಾಯಿತು. ಸಣ್ಣ ಸದ್ದಲ್ಲ. ಮಕ್ಕಳೆಲ್ಲ ಒಮ್ಮೆಲೇ ನಿಂತುಬಿಟ್ಟರು. ನೀವು ನಿಮ್ಮ ಬಸ್ಸಿನ ಕಥೆ ಹೇಳುತ್ತಾ ಮುಂದೆ ಹೋಗುತ್ತಲೇ ಇದ್ದಿರಿ. ಆಗ ಪೂಜಿತಾ ಓಡಿಬಂದು ನಿಮ್ಮ ಶರಟಿನ ತುದಿ ಹಿಡಿದು, "ತಾತ, ಸುಸ್ತಾಯ್ತು, ಒಂಚೂರು ನಿಂತ್ಕಳಣ" ಎಂದಳು. ನೀವು ನಕ್ಕು, ಈಗಿನ ಮಕ್ಕಳಿಗೆ ಶಕ್ತಿಯೇ ಇಲ್ಲ ಎಂದಿರಿ. ಆ ಹುಡುಗಿಗೆ ಸುಸ್ತಾಗಿರಲಿಲ್ಲ. ಅವಳು ದಿನಾ ಹೀಗೆ ಮಾಡುತ್ತಾಳೆಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಮುಂದಿನ ತಿರುವಿನಿಂದ ಲಕ್ಷ್ಮಿ ಬಂದು, ಎಸ್ಟೇಟಿನ ಎತ್ತು ಅದು, ಬನ್ನಿ ಎಂದು ಮಕ್ಕಳಿಗೆ ಕೈ ಮಾಡಿದರು. ಪೂಜಿತಾಳ ಕಡೆ ತಿರುಗಿದ್ದ ನೀವು ಅದನ್ನೂ ನೋಡಲಿಲ್ಲ. ಬಸ್ಸು ಹೋದ ಮೇಲೆ ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ಹೇಳಿದ್ದು ಇದು:

"ಅವ್ರಿಗೆ ಕೇಳ್ಸಲ್ಲ ಮೇಡಮ್ಮೋರೆ. ನಮ್ಗೆಲ್ಲ ಗೊತ್ತೈತೆ. ಆದ್ರೆ ಅಂಥ ದೊಡ್ಡೋರಿಗೆ ಹೆಂಗ್ ಹೇಳದು? ಹೇಳಿದ್ರೆ ನಾಳೆಯಿಂದ ಬರಲ್ಲ. ಅವ್ರು ಬರ್ಲಿಲ್ಲ ಅಂದ್ರೆ ಅರಣ್ಯದೋರ ಸುದ್ದೀನೂ ಬರಲ್ಲ, ಹಳೇ ಕಂಡಕ್ಟ್ರು ಅಂತ ನಿಲ್ಸೋ ಬಸ್ಸಿನೋರೂ ನಿಲ್ಸಲ್ಲ, ನನ್ನ ಮಗ್ಳ ಸ್ಕೂಲೂ ಹೋಯ್ತು. ಅದಕ್ಕೇ ನಾನು ಮುಂದೆ ಹೋಗಿ ನೋಡ್ಕಂಡು ಬತ್ತೀನಿ. ಅವ್ರ ಪಾಡಿಗೆ ಅವ್ರು ಬರ್ಲಿ."

ಸ್ವಯಂಸೇವಕರ ಕಣ್ಣು ಕಿವಿ ಪರೀಕ್ಷೆ ಮಾಡಿಸಬೇಕು ಎಂಬ ನಿಯಮ ಬರೆದವಳು ನಾನೇ. ಅದನ್ನು ನಿಮಗೆ ಹೇಳಲು ನಾಲಿಗೆ ಏಳಲಿಲ್ಲ. ನಿಮ್ಮಂಥವರನ್ನು ಕೂರಿಸಿ ಪರೀಕ್ಷೆ ಮಾಡುವುದೆಂದರೆ ಅವಮಾನ ಮಾಡಿದ ಹಾಗೆ ಎನಿಸಿತು. ಕೆ. ಹೊಸಕೋಟೆಯ ನಮ್ಮ ಮನೆಯಲ್ಲಿ ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನವೂ ನಾವು ಇನ್ನೊಮ್ಮೆ ಬಡಿಸಿಕೊಂಡು ಉಂಡವರು. ಹಾಗೆ ಬೆಳೆದವಳಿಗೆ


ಹಾಸನ
24 ಸೆಪ್ಟೆಂಬರ್ 2024

ಮಾನ್ಯ ತಿಮ್ಮಯ್ಯನವರಿಗೆ ನಮಸ್ಕಾರಗಳು.

ಶುಕ್ರವಾರದ ಬೆಳಗನ್ನು ಮರೆಯಲಾರೆ. ಮಕ್ಕಳಿಗೆ ನಿಮ್ಮ ಮೇಲಿರುವ ಪ್ರೀತಿಯನ್ನು ಕಣ್ಣಾರೆ ಕಂಡೆ. ಗಂಗಾಮಣಿಯಮ್ಮನವರ ಕಡುಬು ಇನ್ನೂ ಬಾಯಲ್ಲಿದೆ.

ಮುಂದಿನ ತಿಂಗಳು ಹಾಸನದಲ್ಲಿ ಹಿರಿಯರಿಗೆ ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದೇವೆ. ರಕ್ತ, ಬಿ.ಪಿ., ಕಣ್ಣು, ಕಿವಿ ಎಲ್ಲ ನೋಡುತ್ತಾರೆ. ಬಿಡುವಿದ್ದರೆ ಇಬ್ಬರೂ ಬನ್ನಿ. ಬರಲೇಬೇಕೆಂದೇನಿಲ್ಲ.

ವಿಶ್ವಾಸದಿಂದ,
ಚೈತ್ರಶ್ರೀ


ಹೊಸಗದ್ದೆ
20 ಅಕ್ಟೋಬರ್ 2024

ಚೈತ್ರಶ್ರೀಗೆ ಆಶೀರ್ವಾದಗಳು.

ತಪಾಸಣೆಗೆ ಗಂಗಾಮಣಿಯನ್ನು ಕಳಿಸಿದ್ದೆ, ಸಿಕ್ಕಿದಳಂತಲ್ಲ. ಸಕ್ಕರೆ ಸ್ವಲ್ಪ ಜಾಸ್ತಿ ಎಂದು ಬಂದಿದೆ, ನನ್ನ ಮೇಲಿನ ಸಿಟ್ಟು ಮಾತ್ರ ಕಡಿಮೆಯಾಗಿಲ್ಲ. ನಾನು ಬರಲಿಲ್ಲ. ನಾನು ಹೋದರೆ ಮಕ್ಕಳ ಗತಿಯೇನು? ನನಗೇನು ಕಾಯಿಲೆ ಇದೆ?

ಈ ಸಲ ಒಂದು ದೂರು ಬರೆಯಬೇಕಾಗಿದೆ. ಲಕ್ಷ್ಮಿಯ ವಿಷಯ. ಕೆಲವು ದಿನಗಳಿಂದ ಗಮನಿಸುತ್ತಿದ್ದೆ. ನಾನು ರೈಟ್ ಹೇಳುವುದಕ್ಕೆ ಮೊದಲೇ ಈ ಹೆಂಗಸು ದಾರಿಯಲ್ಲಿ ಮುಂದೆ ಹೋಗಿರುತ್ತಾಳೆ. ಒಂದು ದಿನ ಸೌದೆಗೆ ಎಂದಳು, ಇನ್ನೊಂದು ದಿನ ಕೋಳಿ ತಪ್ಪಿಸಿಕೊಂಡಿತು ಎಂದಳು. ನಿಯಮ ಎಂದರೆ ಎಲ್ಲರಿಗೂ ನಿಯಮ. ದೊಡ್ಡವಳೇ ಹೀಗೆ ಮಾಡಿದರೆ ನಾಳೆ ಮಕ್ಕಳೂ ಓಡುತ್ತವೆ. ಅದಕ್ಕೇ ಎಲ್ಲರೆದುರೇ ನಿಲ್ಲಿಸಿ ಚೆನ್ನಾಗಿ ಬೈದೆ. "ಆನೆ ತುಳಿದ್ರೆ ಜವಾಬ್ದಾರಿ ಯಾರು, ನಿನ್ನ ಮಗಳನ್ನ ಯಾರ ಕೈಗೆ ಕೊಡ್ಲಿ" ಎಂದೆ. ತಲೆ ತಗ್ಗಿಸಿ ನಿಂತಿದ್ದಳು. ಪೂಜಿತಾ ಏನೋ ಹೇಳಲು ಬಂದಳು, ತಾಯಿಯೇ ಅವಳ ಕೈ ಜಗ್ಗಿದಳು.

ಸ್ವಲ್ಪ ಜಾಸ್ತಿಯೇ ಬೈದೆನೇನೋ. ಆದರೆ ಫಲ ಕೊಟ್ಟಿತು. ಆಮೇಲೆ ನಾನು ಹಲಸಿನ ಮರದ ಹತ್ತಿರ ಬರುವಾಗ ಅವಳು ದಾರಿಯಲ್ಲಿ ಕಂಡೇ ಇಲ್ಲ.

ಇತಿ,
ತಿಮ್ಮಯ್ಯ


ಹಾಸನ
2 ನವೆಂಬರ್ 2024

ಮಾನ್ಯ ತಿಮ್ಮಯ್ಯನವರಿಗೆ ನಮಸ್ಕಾರಗಳು.

ದಯವಿಟ್ಟು ಲಕ್ಷ್ಮಿಯವರನ್ನು ಬೈಯಬೇಡಿ. ಅವರು ಮುಂದೆ ಹೋಗುವುದಕ್ಕೆ ಅವರದೇ ಆದ ಕಾರಣ ಇರಬಹುದು.

ನಿಮಗೆ ಜೊತೆಗೆ ಇನ್ನೊಬ್ಬರನ್ನು ಕೊಟ್ಟರೆ ಹೇಗೆ ಎಂಬ ಯೋಚನೆಯಿದೆ. ನಿಮ್ಮ ಕೆಲಸದಲ್ಲಿ ಕೊರತೆಯಿದೆ ಎಂದಲ್ಲ, ಖಂಡಿತಾ ಅಲ್ಲ. ಡಿಸೆಂಬರಿನಲ್ಲಿ ಬಂದಾಗ ಕೂತು ಮಾತಾಡೋಣ. ಇಂಥದ್ದೆಲ್ಲ ಕಾಗದದಲ್ಲಿ ಬರೆಯುವುದಕ್ಕಿಂತ ಎದುರಿಗೆ ಹೇಳುವುದೇ ಒಳ್ಳೆಯದು.

ವಿಶ್ವಾಸದಿಂದ,
ಚೈತ್ರಶ್ರೀ


ಹೊಸಗದ್ದೆ
14 ನವೆಂಬರ್ 2024

ಚೈತ್ರಶ್ರೀಗೆ,

ಇನ್ನೊಬ್ಬರು ಬೇಡ. ನಾನು ಬೇಡವಾಗಿದ್ದರೆ ಹಾಗೆಂದು ಹೇಳಿಬಿಡು, ಸುತ್ತಿ ಬಳಸಿ ಹೇಳಬೇಡ. ಇಲ್ಲಿಯವರೆಗೆ ಒಂದು ಮಗುವಿಗೂ ಗೀರು ಬಿದ್ದಿಲ್ಲ.

ತಿಮ್ಮಯ್ಯ


ಹೊಸಗದ್ದೆ
6 ಡಿಸೆಂಬರ್ 2024

ಚೈತ್ರಶ್ರೀಗೆ,

ನಿನ್ನೆ ಬೆಳಿಗ್ಗೆ ಲಕ್ಷ್ಮಿಯನ್ನು ಆನೆ ಹೊಡೆಯಿತು. ಒಂಟಿ ಸಲಗ. ಜೀವ ಇದೆ. ಸೊಂಟ ಮುರಿದಿದೆ, ಬಲಗಾಲಿನ ಮೂಳೆ ಹೊರಗೆ ಬಂದಿತ್ತು. ಸಕಲೇಶಪುರಕ್ಕೆ ಒಯ್ದರು, ಅಲ್ಲಿಂದ ಹಾಸನದ ಆಸ್ಪತ್ರೆಗೆ ಕಳಿಸಿದರು. ನೀನು ಅಲ್ಲೇ ಇದ್ದೀಯ, ಹೋಗಿ ನೋಡು.

ಮಂಜು ಮುಸುಕಿತ್ತು, ಇನ್ನೂ ಬೆಳಕಾಗಿರಲಿಲ್ಲ. ನಾನು ಮನೆಯ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಗಂಗಾಮಣಿ ಒಲೆಯ ಮುಂದಿನಿಂದ ಎದ್ದು ಓಡಿಬಂದು ನನ್ನ ಭುಜ ಹಿಡಿದು ಅಲುಗಿಸಿದಳು. "ಯಾರೋ ಕೂಗ್ತಾವ್ರೆ, ಎಷ್ಟೊತ್ತಿಂದ ಕೂಗ್ತಾವ್ರೆ" ಎಂದಳು. ಒಳಗೆ ಕೂತಿದ್ದವಳಿಗೆ ಆ ಕೂಗು ಕೇಳಿಸಿತು. ಹೊರಗೆ ನಿಂತಿದ್ದ ನನಗೆ ಕೇಳಿಸಲಿಲ್ಲ. ನಿನ್ನೆಯಿಂದ ನನ್ನ ತಲೆಯಲ್ಲಿ ಇದೇ ಒಂದು ಕೂತಿದೆ.

ಅವಳು ಬಿದ್ದಿದ್ದು ಮಕ್ಕಳು ನಡೆಯುವ ದಾರಿಯಲ್ಲೇ, ಎರಡನೇ ತಿರುವಿನಲ್ಲಿ. ಕೈಯಲ್ಲಿ ಕತ್ತಿ ಇರಲಿಲ್ಲ, ಹಗ್ಗ ಇರಲಿಲ್ಲ. ಸೌದೆಗೆ ಹೋದವಳಲ್ಲ. ತೋಟದ ಕೆಲಸ ಶುರುವಾಗಲು ಇನ್ನೂ ಬಹಳ ಹೊತ್ತಿತ್ತು. ಅಷ್ಟು ಕತ್ತಲಲ್ಲಿ ಅಲ್ಲೇನು ಮಾಡುತ್ತಿದ್ದಳು ಎಂದು ಲೈನಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. ಎಲ್ಲರೂ ನೆಲ ನೋಡಿದರು. ಪೂಜಿತಾಳನ್ನು ಕೇಳಿದೆ, ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳಿಗೆ ಅವಳದೇ ಕಾರಣ ಇರಬಹುದು ಎಂದು ನೀನು ಬರೆದಿದ್ದೆ. ಏನು ಕಾರಣ? ನಿನಗೆ ಗೊತ್ತಿದ್ದರೆ ಬರೆ. ಎದುರಿಗೆ ಬಂದು ಹೇಳುತ್ತೇನೆ ಎನ್ನಬೇಡ.

ತಿಮ್ಮಯ್ಯ


ಹಾಸನ
10 ಡಿಸೆಂಬರ್ 2024

ತಿಮ್ಮಯ್ಯನವರೇ,

ಲಕ್ಷ್ಮಿಯವರಿಗೆ ಆಪರೇಷನ್ ಆಗಿದೆ. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಕೋಲಿಲ್ಲದೆ ನಡೆಯುವುದು ಕಷ್ಟ, ತೋಟದ ಕೆಲಸ ಇನ್ನಾಗುವುದಿಲ್ಲ. ದಿನಾ ಸಂಜೆ ಹೋಗಿ ಬರುತ್ತಿದ್ದೇನೆ.

ನೀವು ಕೇಳಿದ್ದಕ್ಕೆ ಉತ್ತರ ಇದು. ನಿಮಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಲೈನಿನವರಿಗೆಲ್ಲ ಗೊತ್ತಿತ್ತು. ಮಕ್ಕಳಿಗೆ ಗೊತ್ತಿತ್ತು, ಅದಕ್ಕೇ ದಾರಿಯಲ್ಲಿ ಸದ್ದಾದಾಗಲೆಲ್ಲ ಸುಸ್ತು ಎಂದು ನಿಲ್ಲಿಸುತ್ತಿದ್ದರು. ನಿಮ್ಮ ಫೋನ್ ರಿಂಗ್ ಆಗುತ್ತಲೇ ಇತ್ತು. ಲಕ್ಷ್ಮಿ ದಿನಾ ನಿಮಗಿಂತ ಮೊದಲು ಹೋಗಿ ದಾರಿ ನೋಡಿ ಬರುತ್ತಿದ್ದರು. ನೀವು ಬೈದ ಮೇಲೆ ನಿಮ್ಮ ಕಣ್ಣಿಗೆ ಬೀಳದಿರಲೆಂದು ಬೆಳಕಾಗುವ ಮೊದಲೇ ಹೋಗತೊಡಗಿದರು. ಇದನ್ನು ಆಸ್ಪತ್ರೆಯಲ್ಲಿ ಅವರೇ ಹೇಳಿದರು.

ಬೆಳಕಾಗುವ ಮೊದಲು ಹೋಗುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಉಳಿದದ್ದೆಲ್ಲ ಸೆಪ್ಟೆಂಬರಿನಿಂದ ಗೊತ್ತಿತ್ತು. ನಿಮಗೆ ಬೇಸರವಾಗಬಾರದೆಂದು ಹೇಳಲಿಲ್ಲ ಎಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ನೀವು ನಿಂತುಹೋದರೆ ನನ್ನ ಹತ್ತಿರ ತೋರಿಸಲು ಯಾರೂ ಇರಲಿಲ್ಲ. ಆಲೂರಿನ ಕೆಲಸ ಶುರುವಾಗುವುದರಲ್ಲಿತ್ತು.

ನೀವು ಇನ್ನು ಆ ದಾರಿಯಲ್ಲಿ ಮಕ್ಕಳ ಮುಂದೆ ನಡೆಯಬಾರದು. ಇದನ್ನು ಅವತ್ತೇ ಹೇಳಬೇಕಿತ್ತು.

ಚೈತ್ರಶ್ರೀ


ಹೊಸಗದ್ದೆ
17 ಡಿಸೆಂಬರ್ 2024

ಮಾನ್ಯರೇ,

ನಿಮ್ಮ ಕಾಗದ ತಲುಪಿತು. ನೀವು ಕೊಟ್ಟಿದ್ದ ಹಸಿರು ಜಾಕೆಟ್ಟನ್ನೂ ಗುರುತಿನ ಚೀಟಿಯನ್ನೂ ಪಾರ್ಸೆಲ್ ಮಾಡಿದ್ದೇನೆ.

ನಾನು ಕೆಲಸ ಕೇಳಿ ಬಂದವನು. ಕೆಲಸದಲ್ಲಿ ತಪ್ಪು ಮಾಡಿದರೆ ಡಿಪೋದಲ್ಲಿ ಮೆಮೊ ಕೊಡುತ್ತಿದ್ದರು. ಸಸ್ಪೆಂಡ್ ಮಾಡಿದ್ದೂ ಉಂಟು. ಯಾರೂ ನನ್ನ ಕಾಲಿಗೆ ಬಿದ್ದು ನನ್ನ ತಪ್ಪನ್ನು ಮುಚ್ಚಿಡಲಿಲ್ಲ. ನೀವು ನನಗೆ ಕೆಲಸ ಕೊಡಲಿಲ್ಲ, ಆಟದ ಸಾಮಾನು ಕೊಟ್ಟು ಕೂರಿಸಿದಿರಿ. ನನ್ನ ಕೆಲಸವನ್ನು ಇನ್ನೊಬ್ಬಳು ಮಾಡಿದಳು. ನಾನು ಅವಳನ್ನೇ ಬೈದೆ.

ಭಾನುವಾರ ಆಸ್ಪತ್ರೆಗೆ ಹೋಗಿದ್ದೆ. ಲಕ್ಷ್ಮಿ ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತು ಎದ್ದು ಬಂದೆ.

ತಿಮ್ಮಯ್ಯ


ಹಾಸನ
3 ಫೆಬ್ರವರಿ 2025

ತಿಮ್ಮಯ್ಯನವರಿಗೆ ನಮಸ್ಕಾರಗಳು.

ಜನವರಿಯಲ್ಲಿ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಇದಕ್ಕೂ ಬರದಿದ್ದರೆ ನಿಮ್ಮನ್ನು ದೂರುವುದಿಲ್ಲ.

ನಮ್ಮ ಸ್ವಯಂಸೇವಕರೆಲ್ಲರಿಗೂ ಕಣ್ಣು ಕಿವಿ ಪರೀಕ್ಷೆ ಕಡ್ಡಾಯ ಮಾಡಿದೆ. ಕೆಲವರು ಸಿಟ್ಟಾಗಿ ಬಿಟ್ಟುಹೋದರು. ಮೃತ್ಯುಂಜಯಪ್ಪನವರು "ನಮ್ಮ ಮನೆ ಮಕ್ಕಳೇ ಇಷ್ಟು ಮಾತಾಡಲ್ಲ" ಎಂದು ಬೈದು, ಆಮೇಲೆ ಬಂದು ಪರೀಕ್ಷೆ ಮಾಡಿಸಿಕೊಂಡರು. ಒಂದು ಕಣ್ಣಿಗೆ ಪೊರೆ ಬಂದಿದೆ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳಿಗೆ ಔಷಧಿಯ ಚೀಟಿ ಓದಿ ಹೇಳುವ ಕೆಲಸದಲ್ಲಿದ್ದರು. ಈಗ ಅದನ್ನು ಬಿಟ್ಟು, ದಾರಿ ಗೊತ್ತಾಗದೆ ನಿಂತವರನ್ನು ಕೈಹಿಡಿದು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಆಲೂರಿನ ಕೆಲಸ ಸದ್ಯಕ್ಕೆ ನಿಂತಿದೆ. ನಾನೇ ನಿಲ್ಲಿಸಿದೆ.

ಫೆಬ್ರವರಿ ಹದಿನೈದಕ್ಕೆ ಕಿವಿಯ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಬನ್ನಿ. ಬಿಡುವಿದ್ದರೆ ಎನ್ನುವುದಿಲ್ಲ.

ಚೈತ್ರಶ್ರೀ


ಹೊಸಗದ್ದೆ
23 ಮಾರ್ಚ್ 2025

ಮಗಳೇ ಚೈತ್ರಶ್ರೀ,

ಡಾಕ್ಟರ ಕೋಣೆಯ ಹೊರಗೆ ನೀನು ಕೂತಿದ್ದೆ. ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಹಾಗಾಗಿ ಈ ಕಾಗದ.

ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಸ್ವಲ್ಪ ಉಳಿದಿದೆ. ಮಷಿನ್ ಹಾಕಿಕೊಂಡಿದ್ದೇನೆ. ಮನೆಯಲ್ಲಿ ಗಂಗಾಮಣಿಯ ಮಾತು ಕೇಳಿಸುತ್ತದೆ. ಇಷ್ಟು ವರ್ಷ ಏನೆಲ್ಲ ಬೈದಿದ್ದಾಳೆಂದು ಈಗ ತಿಳಿಯುತ್ತಿದೆ. ಆದರೆ ತೋಟಕ್ಕೆ ಹೋದರೆ ಎಲ್ಲ ಸದ್ದೂ ಒಂದೇ ಸಲ ಬಂದು ತುಂಬಿಕೊಳ್ಳುತ್ತದೆ. ಯಾವುದು ಎಲೆ, ಯಾವುದು ಆನೆ, ಯಾವ ದಿಕ್ಕು ಎಂದು ಗೊತ್ತಾಗುವುದಿಲ್ಲ. ಮುಂದೆ ನಡೆಯುವ ಕೆಲಸ ನನ್ನಿಂದ ಆಗದು. ನೀನು ಬರೆದದ್ದು ಸರಿ.

ಜನವರಿ, ಫೆಬ್ರವರಿ ಎರಡು ತಿಂಗಳು ಮಕ್ಕಳು ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಪೂಜಿತಾ ಹೋಗಲೇ ಇಲ್ಲ. ತಾಯಿಯನ್ನು ಎತ್ತಿ ಕೂರಿಸಲು ಯಾರಾದರೂ ಬೇಕಲ್ಲ. ಗಂಗಾಮಣಿ ಹಗಲು ಹೊತ್ತು ಲೈನಿಗೆ ಹೋಗಿ ಲಕ್ಷ್ಮಿಯ ಜೊತೆ ಇರುತ್ತೇನೆಂದಳು. ನನ್ನನ್ನು ಕೇಳಲಿಲ್ಲ, ಹೊರಟೇಬಿಟ್ಟಳು. ಹುಡುಗಿ ಶಾಲೆಗೆ ಹೋಗುವ ಹಾಗಾಯಿತು. ಆದರೆ ದಾರಿಯ ಪ್ರಶ್ನೆ ಹಾಗೆಯೇ ಉಳಿಯಿತು.

ಹೋದ ಭಾನುವಾರ ಲೈನಿನ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದೆ. ಎದ್ದು ನಿಂತು, "ನನಗೆ ಕಿವಿ ಕೇಳಿಸಲ್ಲ. ನಿಮಗೆಲ್ಲ ಗೊತ್ತಿತ್ತು. ನನಗೂ ಒಳಗೊಳಗೇ ಗೊತ್ತಿತ್ತು" ಎಂದೆ. ಎಸ್ಟೇಟಿನ ಲಿಂಗಪ್ಪ, "ಅಂಥದ್ದೇನಿಲ್ಲ ಬುಡಿ ಕಂಡಕ್ಟ್ರಣ್ಣ, ವಯಸ್ಸಾದ್ಮೇಲೆ ಎಲ್ಲರ್ಗೂ ಒಂಚೂರು ಇರ್ತೈತೆ" ಎಂದು ಶುರುಮಾಡಿದ.

ಲಕ್ಷ್ಮಿಯನ್ನು ಬಾಗಿಲಿನ ಹತ್ತಿರ ಕುರ್ಚಿಯಲ್ಲಿ ಕೂರಿಸಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅವಳು ಲಿಂಗಪ್ಪನ ಮಾತನ್ನು ಅರ್ಧಕ್ಕೇ ತಡೆದು ನನ್ನನ್ನೇ ನೋಡುತ್ತಾ, ನನಗೆ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಿದಳು:

"ನೀವು ಮುಂದೆ ನಡೀಬ್ಯಾಡಿ. ಹಿಂದೆ ನಡೀರಿ. ಹಿಂದೆ ಉಳ್ಕಳೋ ಮಕ್ಳನ್ನ ನೋಡ್ಕಳ್ಳಿ. ಮಕ್ಳು ನಿಂತ್ರೆ ನೀವೂ ನಿಲ್ಬೇಕು. ಯಾಕೆ ಅಂತ ಕೇಳ್ಬಾರ್ದು."

ಅಂಗಳದಲ್ಲಿ ಯಾರೋ ಅವಳನ್ನು ಗದರಿಸಿದರು, ದೊಡ್ಡವರೊಂದಿಗೆ ಹಾಗೆ ಮಾತಾಡಬಾರದೆಂದು. ನಾನು ಅವರನ್ನು ಸುಮ್ಮನಿರಿಸಿದೆ. ನನಗೆ ಅಳು ಬಂತು, ಎಲ್ಲರೆದುರೇ ಅತ್ತೆ. ಅವಳು ಅಳಲಿಲ್ಲ. ಕ್ಷಮಿಸಿದ್ದಾಳೆ ಎಂದು ನಾನು ಹೇಳುವುದಿಲ್ಲ. ಕೆಲಸ ಹೇಳಿದ್ದಾಳೆ.

ಲಿಂಗಪ್ಪನ ಸೊಸೆ ಮತ್ತು ಇನ್ನೊಬ್ಬಾಕೆ ಈಗ ಬೆಳಕಾದ ಮೇಲೆ ಜೋಡಿಯಾಗಿ ಮುಂದೆ ನಡೆಯುತ್ತಾರೆ. ಅರಣ್ಯದವರ ಫೋನ್ ಅವರ ಹತ್ತಿರವೇ ಇದೆ. ಜಾಕೆಟ್ ವಾಪಸ್ ಕಳಿಸಿಕೊಡು, ಮಕ್ಕಳಿಗೆ ಹಿಂದೆ ತಿರುಗಿದರೆ ನಾನು ಕಾಣಬೇಕು.

ಸೋಮವಾರದಿಂದ ಹಿಂದೆ ನಡೆಯುತ್ತಿದ್ದೇನೆ. ಮೊದಲು ನನಗೆ ದಾರಿ ಕಾಣುತ್ತಿತ್ತು, ಈಗ ಬರೀ ಬ್ಯಾಗುಗಳು ಕಾಣುತ್ತವೆ. ನಿನ್ನೆ ಎರಡನೇ ತಿರುವು ಬರುವ ಮೊದಲು ಮಕ್ಕಳೆಲ್ಲ ಒಟ್ಟಿಗೆ ನಿಂತರು. ಪೂಜಿತಾ ಹಿಂದೆ ತಿರುಗಿ ನನ್ನನ್ನು ನೋಡಿದಳು. ಸುಸ್ತು ಎನ್ನಲಿಲ್ಲ. ನನಗೆ ಏನೂ ಕೇಳಿಸಿರಲಿಲ್ಲ.

ನಾನೂ ನಿಂತೆ.

ತಿಮ್ಮಯ್ಯ